ನೂಲಗೇರಿಯ ನೀಲಗಂಗವ್ವ ಪರದೆ ಬೆಳಗಿಸಿದ್ದು

ಬಹಳ ಹಿಂದೆ, ಕಂಪ್ಯೂಟರಿಗೆ ಇನ್ನೂ ದೊಡ್ಡ ಹೊಟ್ಟೆ ಇದ್ದ ಕಾಲದಲ್ಲಿ, ನೂಲಗೇರಿ ಅಂತ ಒಂದು ಊರಿತ್ತು. ಈಗಲೂ ಇದೆ, ಎಲ್ಲಿಗೆ ಹೋಗುತ್ತದೆ! ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದವರಿಗೇ ಅದು ಗೊತ್ತಿರಲಿಲ್ಲ.

ಆ ಊರಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ. ನೇಕಾರರ ಸೊಸೈಟಿಯ ಕಂಪ್ಯೂಟರಿನಲ್ಲಿ ಸೀರೆಯ ನಕ್ಷೆ ಬರೆಯುವುದು ಅವಳ ಕೆಲಸ. ನಕ್ಷೆಯ ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಅವಳು ಬರೆದಂತೆ ರಟ್ಟಿಗೆ ತೂತು ಬೀಳಬೇಕು, ತೂತು ಬಿದ್ದಂತೆ ಮಗ್ಗ ನೇಯಬೇಕು. ಅವಳ ಕೈ ನಿಂತರೆ ಊರಿನ ಮಗ್ಗವೆಲ್ಲ ನಿಂತ ಹಾಗೆ.

ಆ ಕಂಪ್ಯೂಟರಿಗೆ, ಅದನ್ನು ನಡೆಸುವ ಮೂಲ ಪ್ರೋಗ್ರಾಮಾದ ಲಿನಕ್ಸ್ ಹಾಕಿದವಳೂ ಅವಳೇ ಅಂತೆ. ಅದಕ್ಕೆ ಇಂಥವನೇ ಒಡೆಯ ಅಂತಿಲ್ಲ. ಒಳಗೆ ಬರೆದದ್ದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಸೊಸೈಟಿಯ ಅಧ್ಯಕ್ಷ ಈರಸಂಗಪ್ಪನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಒಡೆಯನಿಲ್ಲದ ವಸ್ತು ಕೆಟ್ಟರೆ ಯಾರ ಬಾಗಿಲು ಬಡಿಯುವುದು ಅಂತ ಕೇಳಿದನಂತೆ. ನೀಲಗಂಗವ್ವ ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದಳಂತೆ:

"ನನ್ನ ಮನಿ ಬಾಗಲಾ ಬಡೀರಿ, ಅಧ್ಯಕ್ಷರ."

ಮಾತು ಆಡಿದ್ದಾಯಿತು. ಮುಂದೆ ಲಗ್ನದ ಸೀರೆಗಳ ಭರಾಟೆಯಲ್ಲೇ ಒಂದು ದಿನ ಕರೆಂಟು ಏರಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಪಟ್ಟಣದಿಂದ ಹೊಸ ಕಾರ್ಡು ಬಂತು. ಡಬ್ಬಿಯ ಮೇಲೆ ಬಂಗಾರದ ಅಕ್ಷರ, ದೊಡ್ಡ ಹೆಸರು. ಹಾಕಿ ನೋಡಿದರೆ ಪರದೆಯ ಮೇಲೆ ಚೌಕಗಳೆಲ್ಲ ಮುದ್ದೆ ಮುದ್ದೆ. ಹಂಸ ಬರೆದರೆ ಇಟ್ಟಿಗೆ ಕಾಣುತ್ತಿತ್ತಂತೆ.

ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ತಲುಪಿಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಅದು ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ನೀಲಗಂಗವ್ವ ಡಬ್ಬಿಯ ಮೇಲಿನ ಹೆಸರು ನೋಡಿ ಅದರ ಡ್ರೈವರ್ ಹಾಕಿದಳು. ಇದ್ದ ಇಟ್ಟಿಗೆಯೂ ಹೋಗಿ ಪರದೆ ಕಪ್ಪಾಯಿತು. ಇನ್ನೊಂದು ಹಾಕಿದಳು. ಕಪ್ಪು. ಮತ್ತೊಂದು ಹಾಕಿದಳು. ಕಪ್ಪೇ. ಈರಸಂಗಪ್ಪ ಹೋಗಿ ಅವಳ ಮನೆ ಬಾಗಿಲು ಬಡಿದೇ ಬಡಿದನಂತೆ. ಸೋಮವಾರದೊಳಗೆ ಪರದೆ ಬರದಿದ್ದರೆ ಲಿನಕ್ಸೂ ಹೊರಗೆ, ಅದನ್ನು ತಂದವಳೂ ಹೊರಗೆ ಅಂತ ಹೇಳಿ ಬಂದನಂತೆ.

ಅವಳು ಏಳು ದಿನ ಊಟ ಬಿಟ್ಟು ಆ ಪರದೆಯ ಮುಂದೆ ಕೂತಳು ಅನ್ನುತ್ತಾರೆ. ನಾನು ನಂಬುವುದಿಲ್ಲ. ಅತ್ತೆ ಚನ್ನಮಲ್ಲವ್ವ ಇರುವ ಮನೆಯಲ್ಲಿ ಒಂದು ಹೊತ್ತು ಊಟ ಬಿಡುವುದೂ ಯಾರಿಗೂ ಸಾಧ್ಯವಿರಲಿಲ್ಲ. ಹೆದರಲೇ ಇಲ್ಲ ಅಂತಲೂ ಅನ್ನುತ್ತಾರೆ. ಹೆದರಿದ್ದಳು. ಸೊಸೈಟಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಅತ್ತಿದ್ದಳು. ಕೊಟ್ಟ ಮಾತು ಹೋಗುತ್ತದೆ ಅಂದರೆ ಯಾರಿಗೆ ಅಳು ಬರುವುದಿಲ್ಲ?

ಭಾನುವಾರ ಮಧ್ಯಾಹ್ನ ಅವಳು ಊಟಕ್ಕೆ ಬಂದಾಗ ಚನ್ನಮಲ್ಲವ್ವ ಪಡಸಾಲೆಯಲ್ಲಿ ನೂಲು ನೋಡುತ್ತಿದ್ದಳಂತೆ. ಅಚ್ಚ ರೇಷ್ಮೆ ಅಂತ ಚೀಟಿ ಅಂಟಿಸಿದ ಲಡಿ. ಮುದುಕಿ ಚೀಟಿಯ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗುಂಡಾಯಿತು. ಲಡಿಯನ್ನು ಅಂಗಳಕ್ಕೆ ಎಸೆದು ಅಂದಳಂತೆ:

"ಚೀಟಿ ಯಾರರ ಅಂಟಸ್ತಾರ ನೀಲವ್ವ. ಎಳೀನ ಕೇಳಬೇಕು."

ನೀಲಗಂಗವ್ವ ರೊಟ್ಟಿ ಮುರಿದ ಕೈಯಲ್ಲೇ ಎದ್ದು ಓಡಿದಳಂತೆ. ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೆ ಸೊಸೆಯಾಗಿ ಬಂದು, ಇಷ್ಟು ದಿನ ಡಬ್ಬಿಯ ಚೀಟಿ ಓದುತ್ತ ಕೂತೆನಲ್ಲ ಅಂತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳಂತೆ.

ಹೋದವಳೇ, ಚಿತ್ರ ಬಿಟ್ಟು ಬರೀ ಅಕ್ಷರ ಮೂಡುವಂತೆ ಕಂಪ್ಯೂಟರ್ ಹಚ್ಚಿ, ಒಳಗಿರುವ ಕಾರ್ಡನ್ನೇ ನೀನು ಯಾರು ಅಂತ ಕೇಳಿದಳು. ಹಾಗೆ ಕೇಳುವುದಕ್ಕೆ ಲಿನಕ್ಸಿನಲ್ಲಿ ಒಂದು ಆಜ್ಞೆಯಿದೆ. ಕಾರ್ಡು ತನ್ನ ನಂಬರು ಹೇಳಿತು. ಡಬ್ಬಿಯ ಹೆಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ! ಯಾರೋ ಹಳೇ ಕಾರ್ಡಿಗೆ ಹೊಸ ಚೀಟಿ ಅಂಟಿಸಿ ಮಾರಿದ್ದರು. ಆ ಜಾತಿಯ ಕಾರ್ಡುಗಳಿಗೆ ಡ್ರೈವರ್ ಲಿನಕ್ಸಿನ ಒಳಗೇ ಇತ್ತು. ಆದರೆ ಅದು ಗುರುತಿಸುವ ಕಾರ್ಡುಗಳ ಪಟ್ಟಿಯಲ್ಲಿ ಈ ಒಂದು ನಂಬರು ಇರಲಿಲ್ಲ. ಬಾಗಿಲು ಮುಚ್ಚಿದ ವ್ಯವಸ್ಥೆಯಾಗಿದ್ದರೆ ಅಲ್ಲೇ ಕೈ ಚೆಲ್ಲಬೇಕಿತ್ತು. ಇದು ತೆರೆದ ಮನೆ. ನೀಲಗಂಗವ್ವ ಒಳಗೆ ಹೋಗಿ ಪಟ್ಟಿ ಬಿಡಿಸಿ ಆ ನಂಬರು ಸೇರಿಸಿದಳು. ಒಂದೇ ಒಂದು ಸಾಲು.

ಡ್ರೈವರ್ ಹೊಸದಾಗಿ ತಯಾರಾಗಲು ಒಂದು ಹಂಡೆ ನೀರು ಕಾಯುವಷ್ಟು ಹೊತ್ತು ಹಿಡಿಯಿತಂತೆ. ಅಷ್ಟರಲ್ಲಿ ಸುದ್ದಿ ಹರಡಿ ಊರೇ ಬಂದು ನಿಂತಿತ್ತು. ಈರಸಂಗಪ್ಪ ಎಲ್ಲರಿಗಿಂತ ಮುಂದೆ ಕೈ ಕಟ್ಟಿ ನಿಂತಿದ್ದ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಕಪ್ಪು. ಇನ್ನೂ ಕಪ್ಪು. ಆಮೇಲೆ ಬೆಳಕು! ಪರದೆಯ ತುಂಬ ಹಂಸ, ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ಆ ಕ್ಷಣ ಊರಿನ ಮಗ್ಗಗಳೆಲ್ಲ ತಾವಾಗಿಯೇ ಆಡಿದವು ಅನ್ನುತ್ತಾರೆ. ಅದು ಸುಳ್ಳು. ನೇಕಾರರು ಕೇಕೆ ಹಾಕುತ್ತ ಓಡಿಹೋಗಿ ಮಗ್ಗಕ್ಕೆ ಕೂತರು, ಅದು ನಿಜ.

ಆ ಒಂದು ಸಾಲನ್ನು ಅವಳು ಡ್ರೈವರ್ ಬರೆದವರಿಗೆ ಕಳಿಸಿದಳಂತೆ. ಅವರು ಅದನ್ನು ಸೇರಿಸಿಕೊಂಡರಂತೆ. ಆಮೇಲೆ ಅಂಥ ಕಾರ್ಡು ಕೊಂಡು ಮೋಸಹೋದವರು ಯಾವ ದೇಶದಲ್ಲಿದ್ದರೂ ಅವರ ಪರದೆ ತಾನಾಗಿ ಬೆಳಗಿತಂತೆ.

ಈರಸಂಗಪ್ಪ ದೊಡ್ಡ ಮನುಷ್ಯ, ಸೋತದ್ದನ್ನು ಒಪ್ಪಿಕೊಂಡ. ಹೆಗಲ ಮೇಲಿನ ಶಾಲು ತೆಗೆದು ಅವಳಿಗೆ ಹೊದಿಸಿ, ಏನು ಬೇಕೋ ಕೇಳು ಅಂದನಂತೆ. ಅವಳು ಮೂಲೆಯ ಕಬ್ಬಿಣದ ಕಪಾಟು ತೋರಿಸಿದಳು. ಊರಿನ ನಕ್ಷೆಗಳೆಲ್ಲ ಅದರಲ್ಲಿ ಬೀಗದೊಳಗೆ. ಒಂದು ಮನೆಯ ನಕ್ಷೆ ಇನ್ನೊಂದು ಮನೆಗೆ ತೋರಿಸುವಂತಿಲ್ಲ. ಲಗ್ನವಾಗಿ ಬೇರೆ ಊರಿಗೆ ಹೋಗುವವರು ಅಂತ ಹೆಣ್ಣುಮಕ್ಕಳಿಗೂ ಕಲಿಸುವಂತಿಲ್ಲ. ಮುಖ ಕಾಣದ ಯಾರೋ ತಾವು ಬರೆದದ್ದನ್ನು ತೆರೆದಿಟ್ಟಿದ್ದಕ್ಕೆ ನನ್ನ ಮಾತು ಉಳಿಯಿತು, ನಮ್ಮ ಬೀಗವನ್ನೂ ತೆಗೆಸಿ ಅಂದಳಂತೆ.

ಮನೆತನದ ನಕ್ಷೆ ಕಂಡವರ ಪಾಲಾಗುತ್ತದೆ ಅಂತ ನೇಕಾರರು ಗೊಣಗಿದರಂತೆ. ಕೊನೆಗೆ ಚನ್ನಮಲ್ಲವ್ವ ಮನೆಗೆ ಹೋಗಿ, ಟ್ರಂಕಿನ ತಳದಲ್ಲಿದ್ದ ಸೆರಗಿನ ನಕ್ಷೆ ತಂದು ಎಲ್ಲರೆದುರು ಹಾಸಿದಳಂತೆ. ಮೂರು ತಲೆಮಾರು ಅದನ್ನು ಹೊರಗಿನವರು ಕಂಡಿರಲಿಲ್ಲ. ಮುದುಕಿಯೇ ಇಟ್ಟ ಮೇಲೆ ಉಳಿದವರು ಏನು ಅನ್ನುತ್ತಾರೆ?

ಇವತ್ತಿಗೂ ನೂಲಗೇರಿಯಲ್ಲಿ ಹೊಸ ನಕ್ಷೆ ಬರೆದವರು ಒಂದು ಪ್ರತಿಯನ್ನು ಆ ಕಪಾಟಿನಲ್ಲಿ ಇಡುತ್ತಾರೆ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ತಿದ್ದಿದವರು ಏನು ತಿದ್ದಿದೆ ಅಂತ ಕೆಳಗೆ ಬರೆದು ಹೆಸರು ಹಾಕಬೇಕು, ಅಷ್ಟೇ. ಚನ್ನಮಲ್ಲವ್ವನ ಸೆರಗಿನ ಕೆಳಗೆ ಈಗ ನಲವತ್ತೆರಡು ಹೆಸರುಗಳಿವೆ. ಮೊನ್ನೆ ಹೊಳೆಯಾಚೆಯ ಊರಿನಿಂದ ಒಬ್ಬ ಹೆಣ್ಣುಮಗಳು ಅದನ್ನು ಬರೆದುಕೊಳ್ಳಲು ಬಂದಿದ್ದಳು. ಯಾರ ಮನೆಯವಳು ಅಂತ ಯಾರೂ ಕೇಳಲಿಲ್ಲ. ಚಾಪೆ ಹಾಸಿ, ನಕ್ಷೆ ಕೈಗೆ ಕೊಟ್ಟು, ಚಹಾಕ್ಕೆ ಇಟ್ಟರು.