ಡಿಶ್ಶಿಗೆ ಅಡ್ಡ ಬಂದ ಹೊಂಗೆ ಮರ

ಮೋಟಾರಿನ ಡಿಶ್ ನಾಲ್ಕೂ ದಿಕ್ಕಿಗೆ ತಿರುಗುತ್ತದೆ ಎಂದು ಆಗ ಬೀದಿಯವರೆಲ್ಲ ನಂಬಿದ್ದರು. ಕಂಟ್ರಾಕ್ಟರ್ ಪರಮೇಶಪ್ಪ ತಾರಸಿಯ ಮೇಲೆ ಅಂಥದೊಂದನ್ನು ಕೂರಿಸಿದ. ಟೀವಿಯಲ್ಲಿ ಚಿತ್ರ ಬರಲಿಲ್ಲ. ಮನೆಯ ಹಿಂದಿನ ಹೊಂಗೆ ಮರ ಕಡಿಸಲು ಕೊಡಲಿಯವರನ್ನು ಕರೆತಂದ. ಅದರ ನೆರಳಲ್ಲೇ ಇಸ್ತ್ರಿ ಗಾಡಿ ಇಟ್ಟು ಬದುಕುತ್ತಿದ್ದ ಹೆಂಗಸಿಗೆ, "ತೆಗಿ ಗಾಡಿ! ಸಿಗ್ನಲ್‌ಗೆ ಅಡ್ಡ ಐತಿ ಈ ಮರ," ಎಂದು ಗದರಿದ.

ಅವಳು ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ಕಡಿಸ್ರಿ ಸಾವ್ಕಾರ್ರೇ. ಮೊದ್ಲು ನಿಮ್ಮ ಡಿಶ್ ಒಂದ್ಸಲ ಮರದ ಕಡೆ ಮುಖ ಮಾಡ್ಲಿ. ಹಾಕಿದಾಗಿಂದ ನೋಡಾಕತ್ತೀನಿ, ಬರೇ ಬೆನ್ನು ತೋರಸ್ತೈತಿ."

ಪರಮೇಶಪ್ಪ ರಿಮೋಟ್ ಒತ್ತಿದ. ಡಿಶ್ ಪೂರ್ವಕ್ಕೆ ಹೋಯಿತು, ದಕ್ಷಿಣ ಹಾದು ಪಶ್ಚಿಮಕ್ಕೆ ಬಂತು, ಅಲ್ಲೇ ನಿಂತಿತು; ಮರದ ಕಡೆ ತಿರುಗಲೇ ಇಲ್ಲ. ಅವನು ಬೆವರುತ್ತ ಬಟನ್ ಗುದ್ದಿದ. ಕೊಡಲಿಯವರು ನಗುತ್ತ ಬೀಡಿ ಹಚ್ಚಿದರು.

"ನಕ್ಕರ ಕೂಲಿ ಇಲ್ಲ!" ಎಂದು ಕಿರುಚಿದ. ಅವರು ಎದ್ದು ಹೋದರು.

ನಮ್ಮೂರಿಗೆ ಉಪಗ್ರಹಗಳೆಲ್ಲ ದಕ್ಷಿಣದ ಆಕಾಶದಲ್ಲಿವೆ. ಹೊಂಗೆ ಮರ ಅವನ ಮನೆಯ ಉತ್ತರಕ್ಕಿದೆ.