ಅಲುಗದ ಸೀಮೆಸುಣ್ಣ

ಗುರುಗಳ ಆಶ್ರಮ ತುಂಗಭದ್ರೆಗೆ ಇಳಿಯುವ ದಾರಿಯಲ್ಲಿ, ಒಂದು ಹುಣಸೆಮರದ ಕೆಳಗೆ ಇತ್ತು. ಬೋರ್ಡಿನ ಮೇಲೆ ಮಾತ್ರ ಸೈಕಲ್ ರಿಪೇರಿ ಎಂದು ಬರೆದಿತ್ತು.

ಗುರುಗಳು ದಸ್ತಗೀರ್ ಸಾಬರು. ವಯಸ್ಸು ಅರವತ್ತೆಂಟು. ತಾವು ಗುರುಗಳೆಂಬುದು ಅವರಿಗೆ ಗೊತ್ತಿರಲಿಲ್ಲ. ಯಾರಾದರೂ ತಿಳಿಸಿದ್ದರೆ, ಈ ಪಂಕ್ಚರ್ ಮುಗಿಸಿ ಬರ್ತೀನಿ ಎನ್ನುತ್ತಿದ್ದರು.

ಶಿಷ್ಯೆ ಹಾಲಮ್ಮ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಕೊನೆಯ ವರ್ಷ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅಂಗಡಿ, ಆಮೇಲೆ ಕಾಲೇಜು, ನಾಲ್ಕರಿಂದ ಮತ್ತೆ ಅಂಗಡಿ. ಕೆಲಸ ಬಿಟ್ಟರೆ ಕಾಲೇಜೂ ಬಿಡಬೇಕಾಗುತ್ತಿತ್ತು. ಹಾಗಾಗಿ ಪರೀಕ್ಷೆಗೆಂದು ರಜೆ ಕೇಳುವ ಮಾತಿರಲಿಲ್ಲ.

ಹುಡುಗಿಯೊಬ್ಬಳು ಚಕ್ರ ಬಿಚ್ಚುವುದನ್ನು ನೋಡಲು ಮೊದಲ ವಾರ ಜನ ನಿಂತರು. ಎರಡನೇ ವಾರ ಸೈಕಲ್ ತಂದರು.

ಅವಳ ಸೋದರಮಾವ ವಿಷಯವನ್ನು ಸ್ಪಷ್ಟವಾಗಿ ಇತ್ಯರ್ಥ ಮಾಡಿದ್ದರು. ಈ ಸಲ ಎಲ್ಲ ಪಾಸಾದರೆ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ., ಒಂದು ವಿಷಯ ಹೋದರೂ ಜೂನ್‌ನಲ್ಲಿ ಮದುವೆ. ತಾನು ಎರಡಕ್ಕೂ ತಯಾರು ಎಂದಿದ್ದರು. ಎರಡನೆಯದಕ್ಕೆ ಹುಡುಗನನ್ನೂ ನೋಡಿದ್ದರು.

ಗುರುಗಳು ಒಗಟಿನಲ್ಲೇ ಮಾತಾಡುತ್ತಿದ್ದರು ಎಂದೇನಿಲ್ಲ. ಹೆಚ್ಚಿನ ಸಲ ಹದಿನಾಲ್ಕರ ಸ್ಪ್ಯಾನರ್ ಕೊಡು ಎನ್ನುತ್ತಿದ್ದರು. ಅದರಲ್ಲೂ ಅರ್ಥ ಹುಡುಕುವುದನ್ನು ಹಾಲಮ್ಮ ಬೇಗ ಬಿಟ್ಟಳು.

ಥಿಯರಿ ಪೇಪರುಗಳು ಮುಗಿದವು. ಕ್ವಾಂಟಮ್ ಮೆಕ್ಯಾನಿಕ್ಸ್ ಇದ್ದ ದಿನ ಬೆಳಿಗ್ಗೆ ಅವಳು ನಾಲ್ಕು ಪಂಕ್ಚರ್ ಹಾಕಿದ್ದಳು. ಉತ್ತರಪತ್ರಿಕೆಯ ಮೂರನೇ ಪುಟದಲ್ಲಿ ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಮೆತ್ತಿದ ಒಂದು ಹೆಬ್ಬೆರಳಿನ ಗುರುತು ಉಳಿಯಿತು. ಮೌಲ್ಯಮಾಪನದಲ್ಲಿ ಅದಕ್ಕೆ ಅಂಕ ಕೊಟ್ಟಂತಿಲ್ಲ, ಕಳೆದಂತೆಯೂ ಇಲ್ಲ.

ಉಳಿದದ್ದು ಪ್ರಾಕ್ಟಿಕಲ್ ಒಂದು.

ಅದಕ್ಕೆ ಎಂಟು ದಿನ ಇದ್ದಾಗ ಒಂದು ಸೊಟ್ಟ ಚಕ್ರ ರಿಪೇರಿಗೆ ಬಂತು. ಹಾಲಮ್ಮ ಅದನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸಿದಳು. ಎಡಗೈಯಲ್ಲಿ ನೋಟ್ಸು, ಬಲಗೈಯಲ್ಲಿ ಸೀಮೆಸುಣ್ಣ. ಚಕ್ರ ಎಲ್ಲಿ ಉಬ್ಬಿದೆಯೋ ಅಲ್ಲಿ ಸೀಮೆಸುಣ್ಣ ತಗಲಿ ಗುರುತಾಗಬೇಕು. ಆ ಜಾಗದ ಕಡ್ಡಿಗಳನ್ನು ಒಂದು ಕಡೆ ಸಡಿಲಿಸಿ ಇನ್ನೊಂದು ಕಡೆ ಬಿಗಿ ಮಾಡಿದರೆ ಚಕ್ರ ನೆಟ್ಟಗಾಗುತ್ತದೆ.

ಸ್ವಲ್ಪ ಹೊತ್ತಿಗೆ ಇಡೀ ಚಕ್ರ ಬೆಳ್ಳಗಾಯಿತು.

ಗುರುಗಳು ಬಂದು ನೋಡಿದರು. ಎಲ್ಲಿ ಸೊಟ್ಟ ಎಂದು ಕೇಳಿದರು. ಎಲ್ಲಾ ಕಡೆ ಎಂದಳು.

"ಸುಣ್ಣ ಬಳಿಯೋಕೆ ಇದೇನು ಗೋಡೆನಾ?"

ಚಕ್ರ ಓಲಾಡುತ್ತದೆ, ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ಅದರ ಹಿಂದೆಯೇ ಕೈ ಒಯ್ಯುತ್ತಿದ್ದೇನೆ ಎಂದು ಅವಳು ವಿವರಿಸಿದಳು. ವಿವರಣೆಯಲ್ಲಿ ಕೋನೀಯ ವೇಗ ಎಂಬ ಮಾತೂ ಬಂತು.

ಗುರುಗಳು ಬಟ್ಟೆಯಿಂದ ಚಕ್ರ ಒರೆಸಿದರು. ಅವಳ ಮೊಣಕೈಯನ್ನು ಸ್ಟ್ಯಾಂಡಿಗೆ ಊರಿಸಿದರು. ನೋಟ್ಸನ್ನು ತೆಗೆದು ಗಾಳಿ ಪಂಪಿನ ಕೆಳಗೆ ಇಟ್ಟರು.

"ಓಲಾಡೋದು ಅದರ ಕೆಲಸ. ನೀನೂ ಓಲಾಡಿದರೆ ಹೇಳೋರು ಯಾರು?"

ಕೈ ಅಲುಗಿಸದೆ ಹಿಡಿದಳು. ಚಕ್ರ ಸುತ್ತಿತು, ಸುತ್ತಿತು, ಒಂದು ಕಡೆ ಬಂದು ತಗಲಿಸಿಕೊಂಡು ಹೋಯಿತು. ಎರಡು ಬೆರಳಗಲದ ಬಿಳಿ ಗುರುತು. ಅಷ್ಟೇ ಇತ್ತು ಸೊಟ್ಟ.

ಮರುದಿನ ಅವಳ ಸಹಪಾಠಿ ವಿನಯಚಂದ್ರ ಅಂಗಡಿಗೆ ಬಂದ. ಒಳ್ಳೆಯ ಹುಡುಗ. ಯಾರಿಗೆ ಏನು ಬೇಕಾದರೂ ಕೊಡುತ್ತಿದ್ದ. ಅವಳಿಗೆ ಪಂಚಾಂಗ ಕೊಟ್ಟು ಹೋದ.

ಪಂಚಾಂಗವೆಂದರೆ ಆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಬರುತ್ತಿದ್ದ ಎರಡು ಪುಟದ ಪಟ್ಟಿ. ಲ್ಯಾಬಿನ ಯಾವ ಪ್ರಯೋಗಕ್ಕೆ ಯಾವ ಉತ್ತರ ಬರಬೇಕು ಎಂಬುದು ಅದರಲ್ಲಿತ್ತು. ಮೊದಲು ಉತ್ತರ ಬರೆಯುವುದು, ಅಲ್ಲಿಂದ ಲೆಕ್ಕವನ್ನು ಹಿಂದಕ್ಕೆ ನಡೆಸಿ ಅಳತೆಗಳನ್ನು ತುಂಬುವುದು, ಅನುಮಾನ ಬರದಿರಲೆಂದು ನಡುವೆ ಎರಡು ತಪ್ಪು ಅಂಕಿ ಹಾಕುವುದು. ಈ ಎರಡು ತಪ್ಪು ಅಂಕಿಗಳಿಗಾಗಿ ವಿದ್ಯಾರ್ಥಿಗಳು ಬಹಳ ತಲೆ ಕೆಡಿಸಿಕೊಳ್ಳುತ್ತಿದ್ದರು.

ಸಂಜೆ ಹಾಲಮ್ಮ ಅದನ್ನು ಗುರುಗಳಿಗೆ ತೋರಿಸಿದಳು. ಓದಲು ಟೈಮಿಲ್ಲ, ಅಭ್ಯಾಸ ಸಾಲದು, ಇದು ಮಾಡಿದರೆ ತಪ್ಪಾ ಎಂದು ಕೇಳಿದಳು.

ಗುರುಗಳು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಕ್ಷರ ದುಂಡಗಿದೆ ಎಂದರು. ವಾಪಸ್ ಕೊಟ್ಟರು.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿನ ಮೇಲೆ ಒಂದು ಚಕ್ರ ಇತ್ತು. ಅದರ ಮೇಲೆ ಮೂರು ಕಡೆ ಸೀಮೆಸುಣ್ಣದ ಗುರುತು. ಗುರುತು ಹಾಕಿ ಇಟ್ಟಿದ್ದೀನಿ, ನೆಟ್ಟಗೆ ಮಾಡು ಎಂದು ಹೇಳಿ ಗುರುಗಳು ಚಹಾಕ್ಕೆ ಹೋದರು.

ಕೆಲಸ ಅರ್ಧ ಮುಗಿದೇ ಇದೆ ಎಂದು ಹಾಲಮ್ಮನಿಗೆ ಖುಷಿಯಾಯಿತು. ಮೂರೂ ಕಡೆ ಕಡ್ಡಿ ಬಿಗಿ ಮಾಡಿದಳು. ನೋಟ್ಸಿನ ಒಂದೂವರೆ ಪುಟವೂ ಆಯಿತು.

ಗುರುಗಳು ಬಂದು ಚಕ್ರ ತಿರುಗಿಸಿದರು. ಅದು ಹಪ್ಪಳದಂತೆ ಮೂರು ಕಡೆ ಉಬ್ಬಿತ್ತು.

"ಚಾಚಾ, ಗುರುತು ಇದ್ದ ಕಡೆಯೇ ಬಿಗಿ ಮಾಡಿದೆ."

"ಹೌದು."

"ಮತ್ತೆ ಹೀಗ್ಯಾಕೆ?"

"ಚಕ್ರ ನೆಟ್ಟಗೇ ಇತ್ತು."

ಗುರುಗಳು ಸೀಮೆಸುಣ್ಣವನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು.

"ನಿಮ್ಮ ಕಾಲೇಜಲ್ಲಿ ಪಟ್ಟಿ ಇದೆಯಲ್ಲವ್ವಾ, ನಾನೂ ಒಂದು ಮಾಡೋಣ ಅಂತ."

ಚಕ್ರ ಯಾರದು ಎಂದು ಅವಳು ಕೇಳಿದಳು. ಗುರುಗಳ ಸ್ವಂತ ಸೈಕಲ್ಲಿನದು. ಆ ದಿನ ಅವರು ಮನೆಗೆ ನಡೆದುಕೊಂಡು ಹೋದರು. ಮನೆ ಮೂರು ಕಿಲೋಮೀಟರ್ ದೂರ ಇತ್ತು. ಆ ಬಗ್ಗೆ ಅವರು ಏನೂ ಹೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಆ ಚಕ್ರ ಸರಿಯಾಗಲು ಐದು ದಿನ ಹಿಡಿಯಿತು. ಒಮ್ಮೆಗೆ ಕಾಲು ಸುತ್ತು ಬಿಗಿ, ಆಮೇಲೆ ತಿರುಗಿಸಿ ನೋಡುವುದು. ಎಡಕ್ಕೆ ಸರಿಯಾದದ್ದು ಬಲಕ್ಕೆ ಕೆಡುತ್ತಿತ್ತು. ಗುರುಗಳು ಐದೂ ದಿನ ನಡೆದರು. ಆರನೆಯ ಬೆಳಿಗ್ಗೆ ಅವಳು ಸೀಮೆಸುಣ್ಣವನ್ನು ರಿಮ್ಮಿನಿಂದ ಒಂದು ಕೂದಲಷ್ಟು ದೂರದಲ್ಲಿ ಹಿಡಿದು ಕೂತಳು. ಚಕ್ರ ನೂರು ಸುತ್ತು ಸುತ್ತಿ ನಿಂತಿತು. ಎಲ್ಲಿಯೂ ತಗಲಲಿಲ್ಲ.

ಗುರುಗಳು ಪರೀಕ್ಷಿಸಿ, ಹದಿನಾಲ್ಕರ ಸ್ಪ್ಯಾನರ್ ಕೇಳಿದರು.

ಪರೀಕ್ಷೆಯ ದಿನ ಹಾಲಮ್ಮ ಪಂಚಾಂಗವನ್ನು ಅಂಗಡಿಯಲ್ಲೇ ಬಿಟ್ಟು ಹೊರಟಳು. ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಅದು ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು.

ಚೀಟಿ ಎತ್ತಿದಾಗ ಅವಳಿಗೂ ವಿನಯಚಂದ್ರನಿಗೂ ಒಂದೇ ಪ್ರಯೋಗ ಬಂತು. ಪ್ರಿಸಮ್ ಎಂಬ ಮೂರು ಮುಖದ ಗಾಜಿನ ಮೂಲಕ ಬೆಳಕು ಹಾಯಿಸಿ, ಅದು ಎಷ್ಟು ಬಾಗುತ್ತದೆಂದು ಅಳೆದು, ಗಾಜಿನ ವಕ್ರೀಭವನ ಸೂಚ್ಯಂಕ ಕಂಡುಹಿಡಿಯಬೇಕು. ಪಂಚಾಂಗದ ಪ್ರಕಾರ ಉತ್ತರ ಒಂದು ಪಾಯಿಂಟ್ ಐದು ಎರಡು.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕಿ ಮೇಡಂ ಕಿಟಕಿಯ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದರು.

ವಿನಯಚಂದ್ರ ಅರ್ಧ ಗಂಟೆಯಲ್ಲಿ ಮುಗಿಸಿದ.

ಹಾಲಮ್ಮ ದೀಪ ಹಚ್ಚಿ ಮೇಜಿಗೆ ಮೊಣಕೈ ಊರಿದಳು. ಪ್ರಿಸಮ್ ಇಡುವ ಪುಟ್ಟ ಪೀಠದ ಕೆಳಗೆ ಮೂರು ತಿರುಪು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಈ ಸ್ವಭಾವ ಅವಳಿಗೆ ಪರಿಚಿತವಾಗಿತ್ತು. ಕಾಲು ಸುತ್ತು, ನೋಡುವುದು. ಮತ್ತೆ ಕಾಲು ಸುತ್ತು.

ಉಪಕರಣದ ದುರ್ಬೀನಿನಲ್ಲಿ ಹಳದಿ ಗೆರೆ ಕಾಣಿಸಿತು. ಪೀಠವನ್ನು ನಿಧಾನ ತಿರುಗಿಸಿದಂತೆ ಗೆರೆ ಒಂದು ಕಡೆಗೆ ಸರಿಯಿತು, ಸರಿಯಿತು, ಒಂದು ಜಾಗದಲ್ಲಿ ನಿಂತಿತು, ಹಿಂದಕ್ಕೆ ಹೊರಟಿತು. ಅದು ನಿಂತ ಜಾಗವನ್ನೇ ಅಳೆಯಬೇಕು. ಅಳೆದಳು. ಲೆಕ್ಕ ಮಾಡಿದಳು.

ಒಂದು ಪಾಯಿಂಟ್ ಆರು ಎರಡು.

ಮತ್ತೆ ಅಳೆದಳು. ಆರು ಎರಡು. ಮೂರನೇ ಸಲ, ಮೊದಲಿನಿಂದ, ತಿರುಪುಗಳಿಂದ ಶುರುಮಾಡಿ ಅಳೆದಳು. ಆರು ಎರಡು.

ಹತ್ತು ನಿಮಿಷ ಉಳಿದಿತ್ತು. ಐದು ಎರಡು ಎಂದು ಬರೆದರೆ ಯೂನಿವರ್ಸಿಟಿ. ಮೂರು ವರ್ಷದಿಂದ ಎಲ್ಲರೂ ಹಾಗೆಯೇ ದಾಟಿದ್ದರು. ಆರು ಎರಡು ಎಂದು ಬರೆದರೆ, ಬಹುಶಃ, ಮಾವ ನೋಡಿದ ಹುಡುಗ. ಆ ಹುಡುಗನ ಬಗ್ಗೆ ಅವಳಿಗೆ ಯಾವ ದೂರೂ ಇರಲಿಲ್ಲ. ನೋಡಿಯೇ ಇರಲಿಲ್ಲ.

ಅವಳಿಗೆ ಗುರುಗಳು ನಡೆದು ಹೋದ ಮೂರು ಕಿಲೋಮೀಟರ್ ನೆನಪಾಯಿತು.

ಆರು ಎರಡು ಎಂದು ಬರೆದಳು.

ಪರೀಕ್ಷಕಿ ಎದ್ದು ಬಂದರು. ಮೊದಲು ವಿನಯಚಂದ್ರನ ಹಾಳೆ ನೋಡಿದರು. ಅಂಕಿಗಳೆಲ್ಲ ಸೊಗಸಾಗಿದ್ದವು, ಎರಡು ತಪ್ಪುಗಳೂ ಇರಬೇಕಾದ ಜಾಗದಲ್ಲೇ ಇದ್ದವು. ಗೆರೆ ತೋರಿಸು ಎಂದರು. ದುರ್ಬೀನಿನಲ್ಲಿ ಕತ್ತಲೆ ಇತ್ತು. ಅವನು ದೀಪ ಹಚ್ಚಿರಲೇ ಇಲ್ಲ.

ದೀಪವಿಲ್ಲದೆ ಬೆಳಕನ್ನು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೆ ಅಳೆದವರು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚು ಜನ ಇಲ್ಲ.

ಪರೀಕ್ಷಕಿ ಹಾಲಮ್ಮನ ಹಾಳೆ ಎತ್ತಿಕೊಂಡರು.

"ಇಲ್ಲಿ ಎಲ್ಲರಿಗೂ ಐದು ಎರಡು ಬರುತ್ತದಂತಲ್ಲ?"

"ಹೌದು ಮೇಡಂ."

"ನಿನಗ್ಯಾಕೆ ಬರಲಿಲ್ಲ?"

"ಗೊತ್ತಿಲ್ಲ ಮೇಡಂ. ಮೂರು ಸಲ ನೋಡಿದೆ. ಗೆರೆ ಅಲ್ಲೇ ನಿಂತಿತು."

ಪರೀಕ್ಷಕಿ ಬಗ್ಗಿ ದುರ್ಬೀನಿನಲ್ಲಿ ನೋಡಿದರು. ಪೀಠವನ್ನು ತಾವೇ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಯಲ್ಲಿ ಉಳಿದಿದ್ದ ಕಡಲೆಕಾಯಿಯನ್ನು ಅವಳ ಮೇಜಿನ ಮೇಲೆ ಇಟ್ಟರು.

ಆ ಲ್ಯಾಬಿನ ಹಳೆಯ ಪ್ರಿಸಮ್ಮುಗಳ ಅಂಚು ಮುರಿದಿತ್ತಂತೆ. ಅದಕ್ಕೆ ಅವರು ಆ ಬೆಳಿಗ್ಗೆ ತಮ್ಮ ಕಾಲೇಜಿನವನ್ನು ತಂದಿದ್ದರು. ಅವುಗಳದು ಬೇರೆ ಗಾಜು. ಒಂದು ಪಾಯಿಂಟ್ ಆರು ಎರಡು.

ಫಲಿತಾಂಶ ಬಂದದ್ದು ಒಂದು ಗುರುವಾರ. ಪ್ರಾಕ್ಟಿಕಲ್ಲಿನಲ್ಲಿ ಹಾಲಮ್ಮನಿಗೆ ಐವತ್ತಕ್ಕೆ ಐವತ್ತು. ಆ ಕಾಲೇಜಿನಲ್ಲಿ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಹದಿನೈದು ದಿನದಲ್ಲಿ ಎಂ.ಎಸ್ಸಿ. ಆಯ್ಕೆಪಟ್ಟಿ ಬಂತು, ಎರಡನೇ ಹೆಸರು ಅವಳದು. ಸೋದರಮಾವ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ತಾನು ಮೊದಲೇ ಹೇಳಿದ್ದೆ ಎಂದರು. ಅರ್ಧ ನಿಜವಿತ್ತು.

ಗುರುಗಳಿಗೆ ಅವಳು, ಆಯ್ಕೆಪಟ್ಟಿ ಬರುವವರೆಗೆ ಕಾದು, ಎಲ್ಲವನ್ನೂ ಒಟ್ಟಿಗೆ ಅಂಗಡಿಯಲ್ಲೇ ಹೇಳಿದಳು. ಅಂಕ ಹೇಳಿದಳು. ಎಂ.ಎಸ್ಸಿ. ಸೀಟಿನ ಸುದ್ದಿ ಹೇಳಿದಳು. ಉತ್ತರ ಎಷ್ಟು ಬಂದಿತ್ತೆಂಬುದನ್ನೂ ಹೇಳಿದಳು.

"ಆರು ಎರಡು ಅಂದರೆ ಜಾಸ್ತಿಯೋ ಕಮ್ಮಿಯೋ?"

"ಜಾಸ್ತಿ ಕಮ್ಮಿ ಇಲ್ಲ ಚಾಚಾ. ಅದು ಅಷ್ಟೇ."

ಗುರುಗಳು ಕೈ ಒರೆಸಿಕೊಂಡರು. ಮರಕ್ಕೆ ಒರಗಿಸಿದ್ದ ತಮ್ಮ ಸೈಕಲ್ ಹತ್ತಿದರು. ಅಂಗಡಿ ತೆರೆದಿರುವಾಗ ಅವರು ಹಾಗೆ ಎದ್ದು ಹೋದದ್ದನ್ನು ಯಾರೂ ಕಂಡಿರಲಿಲ್ಲ. ನದಿಗೆ ಇಳಿಯುವ ದಾರಿಯಲ್ಲಿ ಹ್ಯಾಂಡಲ್ ಬಿಟ್ಟು, ಎರಡೂ ಕೈ ಅಗಲಿಸಿ, ಬಿಳಿ ಗಡ್ಡ ಗಾಳಿಗೆ ಹಾರಿಸಿಕೊಂಡು ಇಳಿದರು. ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಸೈಕಲ್ ಎಳ್ಳಷ್ಟೂ ಓಲಾಡಲಿಲ್ಲ.

ತಳ್ಳಿಕೊಂಡು ಮೇಲೆ ಬಂದು, ಏನೂ ಆಗದವರಂತೆ ಕೂತರು.

ಅಷ್ಟರಲ್ಲಿ ವಿನಯಚಂದ್ರ ಬಂದ. ಪ್ರಾಕ್ಟಿಕಲ್ ಮತ್ತೆ ಕಟ್ಟಬೇಕಾಗಿತ್ತು. ಬೇಸರವೇನೂ ಇದ್ದಂತಿರಲಿಲ್ಲ. ಹಾಲಮ್ಮನನ್ನು ಮನಸಾರೆ ಅಭಿನಂದಿಸಿದ. ಆಮೇಲೆ ಜೇಬಿನಿಂದ ಪಂಚಾಂಗದ ಹೊಸ ಪ್ರತಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

"ಆರು ಎರಡು ಅಂತ ತಿದ್ದಿದರೆ ಸಾಕಲ್ವಾ? ಮುಂದಿನ ಬ್ಯಾಚಿನವರಿಗೂ ಅನುಕೂಲ."

ಹಾಲಮ್ಮ ಗುರುಗಳ ಕಡೆ ನೋಡಿದಳು. ಗುರುಗಳು ಹುಡುಗನ ಕಡೆ ನೋಡಿದರು.

ಅವಳು ಎದ್ದು ಒಂದು ಸೊಟ್ಟ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸಿದಳು. ವಿನಯಚಂದ್ರನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ಮೊಣಕೈಯನ್ನು ಸ್ಟ್ಯಾಂಡಿಗೆ ಊರಿಸಿದಳು. ಪೆನ್ನನ್ನು ತೆಗೆದು ಗಾಳಿ ಪಂಪಿನ ಕೆಳಗೆ ಇಟ್ಟಳು.

ಗುರುಗಳು ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು ಎರಡು ತುಂಡು ಮಾಡಿದರು. ಒಂದನ್ನು ಹಾಲಮ್ಮನ ಕೈಗೆ ಕೊಟ್ಟರು, ಯೂನಿವರ್ಸಿಟಿಗೆ. ಇನ್ನೊಂದನ್ನು ಹುಡುಗನಿಗೆ ಕೊಟ್ಟರು.

"ಇದರಲ್ಲಿ ನೀನೇನೂ ಬರೀಬೇಡಪ್ಪಾ. ಸುಮ್ಮನೆ ಹಿಡಿದುಕೊಂಡು ಕೂತಿರು."