ಮೀನಿನ ಎಲೆ ಎತ್ತಿದವನು

ಬೊಮ್ಮಯ್ಯ ಗುರುಗಳು ಬಕೆಟ್ಟಿನಲ್ಲಿ ಮೀನು ತಂದರು. ಶಿಷ್ಯ ವಿಠೋಬನ ಗಾಜಿನ ತೊಟ್ಟಿಯ ಮುಂದೆ ನಿಂತರು. ಒಮ್ಮೆ ನೋಡಿದರು. ಬಕೆಟ್ಟು ಹಿಡಿದುಕೊಂಡೇ ತಿರುಗಿ ನಡೆದರು.

ವಿಠೋಬ ಹಿಂದೆಯೇ ಓಡಿದ.

"ಗುರುಗಳೇ, ಮೀನು!"

"ಹೌದು. ಮೀನು."

"ನನಗೆಂದು ತಂದದ್ದಲ್ಲವೇ?"

"ನಿನಗೇ."

"ಮತ್ತೆ ವಾಪಸು ಒಯ್ಯುತ್ತಿದ್ದೀರಿ?"

"ಎಲೆ ಹಾಕದೆ ಊಟಕ್ಕೆ ಕರೆದಿದ್ದೀಯ."

ಅಷ್ಟು ಹೇಳಿ ಗುರುಗಳು ಹೋದರು.

ಆಶ್ರಮ ಇದ್ದದ್ದು ಹೊಳೆ ಸಮುದ್ರ ಸೇರುವಲ್ಲಿ. ಜಗಲಿಯ ಮೇಲೆ ಗುರುಗಳದೊಂದು ದೊಡ್ಡ ಗಾಜಿನ ತೊಟ್ಟಿ. ಒಳಗೆ ಸಮುದ್ರದ ನೀರು, ಕಲ್ಲು, ಜೀವಂತ ಹವಳ. ನೀರು ಆಡಿಸಲು ಪಂಪು, ಮೇಲೊಂದು ದೀಪ. ಕಲ್ಲಿನ ತುದಿಯಲ್ಲಿ ಬೆರಳುದ್ದದ ಒಂದು ಮೀನು. ಬ್ಲೆನ್ನಿ ಎಂದು ಹೆಸರು. ಪಾಚಿ ತಿಂದು ಬದುಕುವ ಜಾತಿ.

ಅದು ಈಜುವುದು ಕಡಿಮೆ, ಕೂರುವುದು ಹೆಚ್ಚು. ಬಾಲ ಮಡಚಿ ಕೂತು ಒಂದು ಕಣ್ಣನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಹೊರಳಿಸುತ್ತದೆ. ಯಾರು ಬಂದರು, ಯಾರು ಹೋದರು, ಎಲ್ಲ ಅದಕ್ಕೆ ಬೇಕು. ಅಡುಗೆಯ ಬೀರಕ್ಕ ಅದನ್ನು 'ಶಾನುಭೋಗರು' ಎಂದು ಕರೆಯುತ್ತಿದ್ದಳು.

ವಿಠೋಬ ಬಂದದ್ದು ವೇದಾಂತ ಕಲಿಯಲು. ಶಾನುಭೋಗರನ್ನು ಕಂಡ ದಿನವೇ ಅವನ ಮನಸ್ಸು ತೊಟ್ಟಿಯೊಳಗೆ ಬಿತ್ತು. ತನಗೂ ಅಂಥದೊಂದು ಬೇಕು ಎಂದ. ಗುರುಗಳು ಬೇಡ ಎನ್ನಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ಹಳೆಯ ತೊಟ್ಟಿ ತೋರಿಸಿದರು. "ಮೊದಲು ಮನೆ ಮಾಡು" ಎಂದರು.

ಮಾಡಿದ. ನೀರು ಹೊತ್ತ, ಕಲ್ಲು ಜೋಡಿಸಿದ, ಪಂಪು ದೀಪ ಕೂರಿಸಿದ. ಆಮೇಲೆ ತಿಕ್ಕಿದ.

ತಿಕ್ಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಕೊಪ್ಪರಿಗೆ ತಿಕ್ಕಿ ಬೆಳೆದ ಕೈ. ಅವನು ತೊಳೆದ ತಟ್ಟೆಯಲ್ಲಿ ಮುಖ ನೋಡಿಕೊಂಡು ಬೀರಕ್ಕ ಕುಂಕುಮ ಇಡುತ್ತಿದ್ದಳು. ಎಲ್ಲಾದರೂ ಒಂದು ಕಲೆ ಕಂಡರೆ ಅವನಿಗೆ ಅನ್ನ ಸೇರದು. ತೊಟ್ಟಿಯನ್ನೂ ಹಾಗೆಯೇ ತೆಂಗಿನ ನಾರಿನಿಂದ ದಿನವೂ ತಿಕ್ಕಿದ. ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಿತ್ತು.

ಈಗ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಬಹಳ ಹೊತ್ತು ಕೂತ. ಆಮೇಲೆ ಹಣೆ ಬಡಿದುಕೊಂಡ.

"ಅಯ್ಯೋ, ಬೀರಕ್ಕಾ! ಪಾಚಿ ತಿನ್ನುವವನಿಗೆ ಪಾಚಿಯನ್ನೇ ಇಟ್ಟಿಲ್ಲ ನಾನು!"

"ಅದನ್ನು ತಿಳೀಲಿಕ್ಕೆ ವೇದಾಂತ ಓದ್ಬೇಕಾಯ್ತಾ ತಮಾ?" ಎಂದಳು ಬೀರಕ್ಕ.

ಅಂದಿನಿಂದ ಕೈ ಕಟ್ಟಿ ಕೂತ. ಅದು ಸುಲಭವಾಗಿರಲಿಲ್ಲ. ಗಾಜಿನ ಮೇಲೆ ಮೊದಲು ಕಂದು ಮಂಜಿನಂಥದ್ದು ಕಟ್ಟಿತು. ಬೆರಳು ತಾನಾಗಿಯೇ ಆ ಕಡೆ ಹೋಗುತ್ತಿತ್ತು.

"ಕೈ ತುರಿಸ್ತದಾ?" ಎಂದು ಬೀರಕ್ಕ ಕೆಣಕಿದಳು. "ಬಾ, ದೋಸೆ ಕಾವಲಿ ಉಂಟು. ತಿಕ್ಕು."

ಒಂದು ಬೆಳಿಗ್ಗೆ ಆಶ್ರಮವೆಲ್ಲ ಧ್ಯಾನಕ್ಕೆ ಕೂತಿತ್ತು. ಉಸಿರಿನ ಸದ್ದೂ ಇಲ್ಲ.

"ಬಂತು! ಹಸಿರು ಬಂತು! ಪಾಚಿ ಬಂತು!"

ವಿಠೋಬ ಅಂಗಳ ಹಾರಿ ಓಡಿ ಬಂದ. ಅಷ್ಟು ದಿನ ಪಾಚಿಯನ್ನು ಬೈದ ಬಾಯಿ ಅದು. ಕೂತವರೆಲ್ಲ ಬೆಚ್ಚಿದರು.

ಗುರುಗಳು ಒಂದೇ ಕಣ್ಣು ತೆರೆದರು.

"ಎಷ್ಟು?"

"ಗಾಜಿನ ತುಂಬ! ಕಲ್ಲಿನ ಮೇಲೂ!"

ಇನ್ನೊಂದು ಕಣ್ಣೂ ತೆರೆಯಿತು. "ಬಕೆಟ್ಟು ತಾ."

ಧ್ಯಾನ ಅಲ್ಲಿಗೇ ಮುಗಿಯಿತು. ಗುರುಗಳು ಸಮುದ್ರದಂಚಿನ ಬಂಡೆಗಳ ನಡುವಿನ ಗುಂಡಿಗೆ ಇಳಿದು, ಒಂದು ಬ್ಲೆನ್ನಿ ಹಿಡಿದು ತಂದರು. ತೊಟ್ಟಿಗೆ ಬಿಟ್ಟರು.

ಅದು ಸರ್ರನೆ ಕಲ್ಲಿನ ತೂತು ಹೊಕ್ಕಿತು. ಹೊರಗೆ ಕಂಡದ್ದು ಎರಡು ಕಣ್ಣು ಮಾತ್ರ. ವಿಠೋಬ ಊಟಕ್ಕೆ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನು ತಲೆ ಹೊರಗೆ ಹಾಕಿತು. ಕುಪ್ಪಳಿಸಿ ಗಾಜಿಗೆ ಬಂತು. ದಪ್ಪ ತುಟಿ ಒತ್ತಿ ಒಂದು ಕಚ್ಚು ಕಚ್ಚಿತು.

ಹಸಿರಿನ ಮೇಲೆ ಮುತ್ತಿಟ್ಟಂಥ ಗುರುತು. ಅದರ ಪಕ್ಕ ಇನ್ನೊಂದು. ಮತ್ತೊಂದು.

"ತಿಂತು! ತಿಂತು!"

ಬೀರಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. "ಶಾನುಭೋಗರಿಗೆ ಒಬ್ಬ ಉಗ್ರಾಣಿ ಸಿಕ್ಕಿದ" ಎಂದಳು. ಹೊಸ ಮೀನಿಗೆ ಆ ಹೆಸರೇ ನಿಂತಿತು.

ಆಮೇಲೆ ಗುರುಗಳಿಗೆ ಹೊಳೆಯಾಚೆ ಹೋಗುವುದಿತ್ತು. ವಿಠೋಬ ದೋಣಿಯವರೆಗೂ ಹೋದ.

"ನೀವಿಲ್ಲದಾಗ ನಾನೇನು ಮಾಡಲಿ?"

"ನೋಡುತ್ತಿರು."

"ಅಷ್ಟೆಯೇ?"

"ಮಾಡಿ ನೋಡು. ತಿಳಿಯುತ್ತದೆ."

ವಿಠೋಬ ನೋಡಿದ. ದೀಪ ಹತ್ತಿದಾಗಿನಿಂದ ಆರುವವರೆಗೆ ಉಗ್ರಾಣಿ ಕಚ್ಚುತ್ತಲೇ ಇತ್ತು. ಕಲ್ಲು ಕೆರೆಯಿತು, ಗಾಜು ಕೆರೆಯಿತು, ಮತ್ತೆ ಕಲ್ಲಿಗೆ ಹೋಯಿತು. ಒಂದು ಗಳಿಗೆ ಬಿಡುವಿಲ್ಲ. ಕೊಪ್ಪರಿಗೆ ತಿಕ್ಕಿದವನಿಗೆ ತಿಕ್ಕುವವರ ಕಷ್ಟ ಗೊತ್ತು. ಪಾಪ, ಒಂದೇ ಎಷ್ಟೆಂದು ದುಡಿದೀತು?

ಮೊದಲ ದಿನ ಒಂದು ಮೂಲೆ ಉಜ್ಜಿಕೊಟ್ಟ. ಮರುದಿನ ಹಿಂದಿನ ಗಾಜು. ಆಮೇಲೆ ಕಲ್ಲುಗಳನ್ನೂ ಒಂದೊಂದಾಗಿ ತೆಗೆದು ತಿಕ್ಕಿಟ್ಟ. ಉಗ್ರಾಣಿ ಈಗ ಸುಮ್ಮನೆ ಕೂರುತ್ತಿತ್ತು. ದಣಿವಾರಲಿ ಎಂದು ವಿಠೋಬ ಖುಷಿಪಟ್ಟ.

ಗುರುಗಳು ಮರಳಿದ ದಿನ ಅವನು ದೋಣಿ ದಡ ಮುಟ್ಟಲು ಬಿಡಲಿಲ್ಲ. ಮೊಣಕಾಲು ನೀರಿಗೆ ಇಳಿದು ಕೈ ಹಿಡಿದೆಳೆದ.

"ಬನ್ನಿ, ಬನ್ನಿ! ಕಾಲು ಆಮೇಲೆ ತೊಳೆಯಿರಿ! ತೊಟ್ಟಿ ನೋಡಿ ಮೊದಲು!"

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಗುರುಗಳು ಅದರ ಮುಂದೆ ಕೂತರು. ಗಾಜು ನೋಡಲಿಲ್ಲ.

"ಹೊಟ್ಟೆ ನೋಡು" ಎಂದರು.

ವಿಠೋಬ ಬಗ್ಗಿದ. ಉಗ್ರಾಣಿ ಮೂಲೆಯಲ್ಲಿ ಒರಗಿತ್ತು. ಹೊಟ್ಟೆ ಒಳಕ್ಕೆ ಹೋಗಿ ಬೆನ್ನಿಗೆ ಅಂಟಿತ್ತು. ಕಣ್ಣು ಹೊರಳುತ್ತಿರಲಿಲ್ಲ. ದಿನವೂ ನೋಡುತ್ತಿದ್ದ ಮೀನು. ಹೊಟ್ಟೆಯನ್ನು ಈಗ ಕಂಡ.

"ಇದೇನಾಯಿತು ಗುರುಗಳೇ?"

"ನೀನು ಹೇಳು."

"ಒಂಟಿಯಾಗಿ ಕೆಲಸ ಮಾಡುತ್ತಿತ್ತು. ನಾನೂ ಕೈ ಜೋಡಿಸಿದೆ."

"ಕೆಲಸ ಎಂದು ಯಾರು ಹೇಳಿದರು?"

"ದಿನವಿಡೀ ಗಾಜು ಉಜ್ಜುತ್ತಿತ್ತಲ್ಲ!"

"ಉಣ್ಣುತ್ತಿತ್ತು. ನೀನು ಎಲೆ ಎತ್ತಿದೆ."

ಪಂಕ್ತಿಯಲ್ಲಿ ಉಣ್ಣುತ್ತಿರುವವನ ಮುಂದಿನಿಂದ ಎಲೆ ಎತ್ತುವುದು. ವಿಠೋಬ ಬೆಳೆದ ಮಠದಲ್ಲಿ ಅದಕ್ಕಿಂತ ದೊಡ್ಡ ಪಾಪ ಇರಲಿಲ್ಲ.

"ಬದುಕುತ್ತದೆಯೇ?"

"ಇವತ್ತು ತಿಂದರೆ."

"ಅನ್ನ ಹಾಕಲೇ?"

"ಅದೇನು ಕಾಗೆಯೇ?"

"ನಿಮ್ಮ ತೊಟ್ಟಿಗೆ ಬಿಡೋಣ!"

"ಶಾನುಭೋಗ ಕಚ್ಚಿ ಕೊಲ್ಲುತ್ತಾನೆ. ಅವನ ಊರಿಗೆ ಅವನೊಬ್ಬನೇ."

"ಸಮುದ್ರಕ್ಕೇ ಬಿಟ್ಟುಬಿಡೋಣ!"

"ಈ ಮೈಯಲ್ಲಿ? ಮೊದಲ ಅಲೆಯೇ ಎತ್ತಿ ಬಂಡೆಗೆ ಹೊಡೆಯುತ್ತದೆ."

"ಹಾಗಾದರೆ ಪಾಚಿ ಇರುವ ಕಲ್ಲು! ನಿಮ್ಮ ತೊಟ್ಟಿಯದು ಒಂದು ಕೊಡಿ."

"ಅದರ ಮೇಲೆಲ್ಲ ಹವಳ ಕಟ್ಟಿದೆ. ಕಿತ್ತರೆ ಅದು ಸಾಯುತ್ತದೆ."

ಅಡುಗೆಮನೆಯ ಕಿಟಕಿಯಿಂದ ಬೀರಕ್ಕ ಕೂಗಿದಳು. ಅವಳು ದಡದಲ್ಲೇ ಹುಟ್ಟಿದವಳು, ಸಮುದ್ರದ ಲೆಕ್ಕ ಅವಳ ಕಿವಿಯಲ್ಲೇ ಇತ್ತು.

"ಕಲ್ಲು ಬೇಕಾದ್ರೆ ಈಗ್ಲೇ ಹೋಗಿ! ಇಳಿತ ಮುಗೀತು! ನೀರು ಏರ್ತಾ ಉಂಟು!"

ಗುರುಗಳು ಎದ್ದರು. ಪಂಚೆ ಎತ್ತಿ ಕಟ್ಟಿದರು. ಓಡಿದರು.

ಬೊಮ್ಮಯ್ಯ ಗುರುಗಳು ಓಡಿದ್ದನ್ನು ಆಶ್ರಮದಲ್ಲಿ ಯಾರೂ ಕಂಡವರಲ್ಲ. ಹಾವು ಬಂದಾಗಲೂ ನಡೆದೇ ಸರಿದವರು. ಬೀರಕ್ಕನ ಕೈಯಿಂದ ಸೌಟು ಬಿತ್ತು. ವಿಠೋಬ ಬುಟ್ಟಿ ಎತ್ತಿಕೊಂಡು ಹಿಂದೆಯೇ ಹಾರಿದ.

ಬಂಡೆಗಳು ಇನ್ನೂ ಬೆನ್ನು ತೋರಿಸುತ್ತಿದ್ದವು. ನಡುನಡುವೆ ನೀರು ನುಗ್ಗತೊಡಗಿತ್ತು. ವಿಠೋಬ ಮೊದಲ ಬಂಡೆಗೆ ಕಾಲಿಟ್ಟ. ಜಾರಿ ಬೋರಲು ಬಿದ್ದ.

"ಮೆಲ್ಲಗೆ!" ಗುರುಗಳು ಗದರಿದರು. "ಊಟ ತುಳಿಯಬೇಡ."

ವಿಠೋಬ ನಾಲ್ಕು ಕಾಲಿನಲ್ಲೇ ಹೋದ. ಕೈಗೆ ಸಿಕ್ಕ ಒಂದು ಕಲ್ಲೆತ್ತಿ ತೋರಿಸಿದ. ಅದರ ತುಂಬ ಉದ್ದುದ್ದ ಹಸಿರು ಜಡೆ.

"ಇದು?"

"ಬೇಡ. ಇಷ್ಟು ಉದ್ದದ್ದು ಉಗ್ರಾಣಿಗೆ ಆಗದು. ಎಮ್ಮೆಗೆ ಹಾಕು."

ಇನ್ನೊಂದು ಎತ್ತಿದ. "ಇದು?"

"ಬೋಳು. ನೀನೇ ತಿಕ್ಕಿದ ಹಾಗಿದೆ."

ನೀರು ಮೊಣಕಾಲಿಗೆ ಬಂತು. ಗುರುಗಳು ಬಗ್ಗಿ ನೀರಿನೊಳಗೆ ತಡಕಿದರು. ನಿಂತರು. ಮುಖ ಅರಳಿತು.

"ಬಾ! ಇಲ್ಲಿ ಬಾ! ಮುಟ್ಟಿ ನೋಡು!"

ವಿಠೋಬ ಮುಟ್ಟಿದ. ಎಳೆಗರುವಿನ ಮೂತಿಯಂತೆ ಮೆತ್ತಗಿತ್ತು. ಗಿಡ್ಡ, ದಟ್ಟ ಹಸಿರು. ಅದು ತೆಂಗಿನಕಾಯಿಯ ಗಾತ್ರದ ಕಲ್ಲು. ಇಬ್ಬರೂ ಸೇರಿ ಅಲುಗಾಡಿಸಿ ಕಿತ್ತರು. ಎರಡು ಏಡಿಗಳು ಬೈಯುತ್ತ ಇಳಿದು ಹೋದವು. ವಿಠೋಬ ಕಲ್ಲನ್ನು ಎದೆಗೆ ಅಪ್ಪಿಕೊಂಡ.

ಆಗ ಅಲೆ ಬಂತು.

ಅದು ಇಬ್ಬರ ತಲೆ ಮೇಲೂ ಬಿತ್ತು. ಬುಟ್ಟಿ ತೇಲಿ ಹೋಯಿತು. ವಿಠೋಬನ ಕಾಲುಗಳು ನೆಲ ಬಿಟ್ಟವು. ಮೂಗು ಬಾಯಿಗೆಲ್ಲ ಉಪ್ಪು.

"ಬಿಡಬೇಡ!" ಗುರುಗಳು ಕೂಗಿದರು. "ಬಿಡಬೇಡ ವಿಠೋಬಾ! ಹಿಡಿ!"

ಬಂದ ದಿನದಿಂದ 'ಬಿಡು, ಬಿಡು' ಎಂದೇ ಬೋಧಿಸಿದವರು. ವಿಠೋಬನಿಗೆ ಆ ನೀರಿನಲ್ಲೂ ನಗು ಬಂತು. ಗುರುಗಳ ಕೈ ಅವನ ಅಂಗಿಯ ಕುತ್ತಿಗೆ ಪಟ್ಟಿ ಹಿಡಿದಿತ್ತು. ಅವನ ಕೈ ಕಲ್ಲು ಹಿಡಿದಿತ್ತು. ಕಲ್ಲೂ ಸೇರಿ ಮೂವರೂ ದಡಕ್ಕೆ ಬಂದರು.

ಏದುಸಿರು ಬಿಡುತ್ತ ಜಗಲಿ ಹತ್ತಿದರು. ಬೀರಕ್ಕ ತೊಟ್ಟಿಯ ಮುಂದಿನಿಂದ ಸರಿದು ನಿಂತಳು.

"ಜೀವ ಇದೆಯಾ?" ಎಂದ ವಿಠೋಬ.

"ಉಂಟು. ಕಿವಿರು ಆಡ್ತದೆ. ಬೇಗ!"

ಗುರುಗಳು ಕಲ್ಲನ್ನು ಒಮ್ಮೆ ಕೊಡವಿ ತೊಟ್ಟಿಗೆ ಇಳಿಸಿದರು. ಉಗ್ರಾಣಿಯ ಮೂತಿಯ ಮುಂದೆಯೇ ಇಟ್ಟರು. ಕೆಸರೆದ್ದಿತು. ನೀರು ಕದಡಿ ಮಜ್ಜಿಗೆಯಾಯಿತು. ಮುಂದಿನ ಗಾಜಿಗೆ ರಾಡಿ ಬಳಿದುಕೊಂಡಿತು. ಒಳಗೆ ಏನೂ ಕಾಣದು.

ಮೂವರೂ ಕೂತರು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಲೆಯ ಮೇಲೆ ಸಾರು ಉಕ್ಕಿತು. ಯಾರೂ ಏಳಲಿಲ್ಲ.

"ಗುರುಗಳೇ, ಫಲದ ಚಿಂತೆ ಮಾಡಬಾರದು ಅಂತ ನೀವೇ..."

"ಸುಮ್ಮನಿರು. ನೋಡು."

ವಿಠೋಬ ಪಕ್ಕದ ಗಾಜಿಗೆ ಮೂಗು ಒತ್ತಿದ. ಕೆಸರು ಕೆಳಗಿಳಿಯುತ್ತಿತ್ತು. ಮೊದಲು ಕಲ್ಲಿನ ಅಂಚು ಕಂಡಿತು. ಆಮೇಲೆ ಬಾಲ. ಬಾಲ ಕದಲಿತು.

ಒಂದು ಕಣ್ಣು ಹೊರಳಿತು. ಕಲ್ಲನ್ನು ನೋಡಿತು. ಇನ್ನೊಂದು ಕಣ್ಣು ಹೊರಳಿ ವಿಠೋಬನನ್ನು ನೋಡಿತು.

"ನಾನು ಮುಟ್ಟುವುದಿಲ್ಲ ಮಾರಾಯಾ" ಎಂದು ವಿಠೋಬ ಪಿಸುಗುಟ್ಟಿದ. "ನಿನ್ನಾಣೆ. ಉಣ್ಣು."

ಉಗ್ರಾಣಿ ಎದೆಯ ರೆಕ್ಕೆ ಊರಿ ಮುಂದೆ ತೆವಳಿತು. ತುಟಿ ಕಲ್ಲಿಗೆ ತಾಗಿತು. ಕಚ್ಚಿತು.

ನಿಂತಿತು. ಮತ್ತೆ ಕಚ್ಚಿತು. ಮತ್ತೆ. ಮತ್ತೆ.

"ತಿನ್ನುತ್ತಿದೆ!" ವಿಠೋಬ ಎದ್ದು ಕುಣಿದ. "ತಿನ್ನುತ್ತಿದೆ ಗುರುಗಳೇ! ಬೀರಕ್ಕಾ, ತಿನ್ನುತ್ತಿದೆ!" ಬೀರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಾರಿನ ನೆನಪಾಗಿ ಅಯ್ಯಯ್ಯೋ ಎಂದು ಓಡಿದಳು.

ವಿಠೋಬ ಕಟ್ಟೆಯ ಮೇಲಿದ್ದ ತೆಂಗಿನ ನಾರು ಎತ್ತಿದ. ಜಗಲಿಯಿಂದ ಆಚೆ ಬೀಸಿ ಒಗೆದ. ಅದು ಅಂಗಳ ದಾಟಿ ಬೇಲಿಯಲ್ಲಿ ಸಿಕ್ಕಿಕೊಂಡಿತು.

"ಇನ್ನು ಈ ಜನ್ಮದಲ್ಲಿ ಗಾಜು ಮುಟ್ಟುವುದಿಲ್ಲ!" ಎಂದ.

ಗುರುಗಳು ರಾಡಿ ಮೆತ್ತಿದ ಮುಂದಿನ ಗಾಜಿಗೆ ಹಣೆ ತಾಗಿಸಿ ಕೂತಿದ್ದರು. ಕಣ್ಣು ಕಿರಿದು ಮಾಡಿ ಆ ಕಡೆ ಇಣುಕಿದರು, ಈ ಕಡೆ ಇಣುಕಿದರು.

"ಹೋಗಿ ಹೆಕ್ಕಿ ತಾ" ಎಂದರು. "ಮುಂದಿನ ಗಾಜೊಂದು ಒರೆಸು. ನಾನೂ ಮೀನು ನೋಡಬೇಕು."